ಬಾಣಂತಿಗೆ ನಿದ್ದೆ ಬರ್ತಿದೆಯಾ? ಕೇಳೋದು ಹೇಗೆ, ಕೇಳಿದ ಮೇಲೆ ಮಾಡೋದೇನು

ಬಾಣಂತಿ ಮನೆಗೆ ಹೋದ ನರ್ಸಮ್ಮ ಏನೇನು ನೋಡಬೇಕು ಅನ್ನೋದನ್ನು ಹದಿನೆಂಟು ತಿಂಗಳ ಟ್ರೈನಿಂಗಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಹೊಟ್ಟೆ ಮುಟ್ಟಿ ಗರ್ಭಕೋಶ ಇಳಿದಿದೆಯಾ ನೋಡು. ರಕ್ತ ಎಷ್ಟು ಹೋಗ್ತಿದೆ, ವಾಸನೆ ಇದೆಯಾ ನೋಡು. ಹೊಲಿಗೆ ನೋಡು. ಎದೆ ಕಲ್ಲುಗಟ್ಟಿದೆಯಾ ನೋಡು. ಜ್ವರ, ಬಿಪಿ, ಕಾಲು ಬಾವು. ಮಗುವಿನ ಹೊಕ್ಕಳು, ಕಣ್ಣು, ತೂಕ. ಇಷ್ಟನ್ನೂ ಬರೆದುಕೊಂಡು, ಕೊಟ್ಟ ಕಾಫಿ ಕುಡಿದು ಎದ್ದು ಬಂದರೆ ಕೆಲಸ ಮುಗಿಯಿತು. ನಿದ್ದೆ ಬರ್ತಿದೆಯಾ ಅಂತ ಕೇಳು ಎಂದು ಯಾರೂ ಹೇಳಿಕೊಡಲಿಲ್ಲ. ಮೊದಲ ಮೂರು ವರ್ಷ ನಾನೂ ಕೇಳಲಿಲ್ಲ. ಆಮೇಲೆ ನಾನೇ ಬಾಣಂತಿಯಾದೆ.

1986ರಲ್ಲಿ ಚಿತ್ರದುರ್ಗ ಜಿಲ್ಲೆಯ ಒಂದು ಸಬ್‌ಸೆಂಟರಿಗೆ ಎಎನ್ಎಂ, ಅಂದರೆ ಹಳ್ಳಿ ನರ್ಸಮ್ಮ ಆಗಿ ಸೇರಿದೆ. 2024ರಲ್ಲಿ ರಿಟೈರ್ ಆದೆ. ನಡುವಿನ ಅಷ್ಟೂ ವರ್ಷ ಹೆರಿಗೆ ಮಾಡಿಸಿದ್ದೇನೆ, ಲಸಿಕೆ ಹಾಕಿದ್ದೇನೆ, ರಿಜಿಸ್ಟರ್ ಬರೆದಿದ್ದೇನೆ. ಅದರಲ್ಲಿ ಮೂವತ್ತೈದು ವರ್ಷ ನಾನೂ ಒಬ್ಬ ಮಾನಸಿಕ ರೋಗಿ. ಈಗ ಸಬ್‌ಸೆಂಟರಿಗೆ ಬರುತ್ತಿರುವ ಹುಡುಗಿಯರಿಗೆ, ಆಶಾ ಅಕ್ಕಂದಿರಿಗೆ, ಮನೆಯಲ್ಲಿ ಬಾಣಂತನ ಮಾಡುವವರಿಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಇಪ್ಪತ್ತು ಮನೆ

ಮೊದಲು ಕಾಯಿಲೆ ಹೇಗೆ ಬರುತ್ತೆ ಅನ್ನೋದು ಗೊತ್ತಿರಬೇಕು. ಅದಕ್ಕೆ ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ.

1989. ತವರಿನಲ್ಲಿ ಹೆಣ್ಣುಮಗು ಆಯಿತು. ಮೂರನೇ ದಿನ ಸುಮ್ಮಸುಮ್ಮನೆ ಅಳು ಬಂತು. ಅದು ಸಾಮಾನ್ಯ, ಅರ್ಧಕ್ಕಿಂತ ಜಾಸ್ತಿ ಬಾಣಂತಿಯರಿಗೆ ಬರುತ್ತೆ, ಎರಡು ವಾರದೊಳಗೆ ತಾನೇ ಹೋಗುತ್ತೆ. ಐದನೇ ದಿನದಿಂದ ಅಳು ನಿಂತಿತು, ಜೊತೆಗೆ ನಿದ್ದೆಯೂ ನಿಂತಿತು. ವಿಚಿತ್ರ ಅಂದರೆ ಸುಸ್ತೇ ಇಲ್ಲ. ಮೈ ಹಗುರ. ಬಾಯಿ ತುಂಬ ಮಾತು. ಅಮ್ಮ ನೆಂಟರ ಮುಂದೆ, 'ನೋಡಿ, ನಮ್ಮ ಹುಡುಗಿ ಎಷ್ಟು ಗಟ್ಟಿ, ಆಗಲೇ ಎದ್ದು ಓಡಾಡ್ತಾಳೆ' ಅಂತ ಹೇಳಿಕೊಳ್ಳುತ್ತಿದ್ದಳು.

ಒಂಬತ್ತನೇ ರಾತ್ರಿ ಎರಡೋ ಮೂರೋ ಗಂಟೆ ಇರಬೇಕು. ಎದ್ದು ಒಲೆ ಹಚ್ಚಿದೆ. ಬ್ಯಾಗಿನಿಂದ ಕತ್ತರಿ ತೆಗೆದು ಪಾತ್ರೆಗೆ ಹಾಕಿ ಕುದಿಸಿದೆ. ನೀರು ಆರಿತು, ಮತ್ತೆ ಹಾಕಿದೆ. ಹೊಕ್ಕಳುಬಳ್ಳಿ ಕಟ್ಟುವ ದಾರವನ್ನು ತುಂಡು ತುಂಡು ಮಾಡಿ ಕುದಿಸಿ, ಬಿಳಿ ಬಟ್ಟೆಯ ಮೇಲೆ ಜೋಡಿ ಜೋಡಿಯಾಗಿ ಇಟ್ಟೆ. ಒಂದು ಮಗುವಿಗೆ ಎರಡು ಗಂಟು, ಹಾಗಾಗಿ ಎರಡೆರಡು. ನಲವತ್ತು ತುಂಡು ಎಣಿಸಿದ್ದು ಈಗಲೂ ನೆನಪಿದೆ. ಪಾತ್ರೆ ಸೀದ ವಾಸನೆಗೆ ಅಮ್ಮ ಎದ್ದು ಬಂದು, 'ಏನೇ ಇದು?' ಅಂದಳು. 'ಇಪ್ಪತ್ತು ಮನೆಯಲ್ಲಿ ನೋವು ಶುರುವಾಗಿದೆ ಅಮ್ಮ, ನಾನೊಬ್ಬಳೇ ಇರೋದು' ಅಂದೆ. ನನ್ನ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ. ಇಪ್ಪತ್ತು ಹೆಂಗಸರು ನರಳುವುದು ನನ್ನ ಕಿವಿಗೆ ಕೇಳಿಸುತ್ತಿತ್ತು. ಒಳಗೆ ನನ್ನ ಮಗು ಹಸಿದು ಅಳುತ್ತಿದ್ದದ್ದು ಮಾತ್ರ ಕೇಳಿಸುತ್ತಿರಲಿಲ್ಲ.

ಇದಕ್ಕೆ ನಮ್ಮ ಕಡೆ ಬಾಣಂತಿ ಸನ್ನಿ ಅನ್ನುತ್ತಾರೆ. ಸಾವಿರ ಬಾಣಂತಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಕಾಣಿಸಿಕೊಳ್ಳುತ್ತೆ. ನಮ್ಮ ಮನೆಯವರು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಿದರು. ಹದಿನಾರು ದಿನ ಹಾಗೇ ಕಳೆಯಿತು. ಕೊನೆಗೆ ಒಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಮಗುವನ್ನು ಬಿಟ್ಟುಕೊಳ್ಳಲಿಲ್ಲ. 38 ದಿನ. ವಾಪಸ್ ಬಂದಾಗ ಎದೆಹಾಲು ಬತ್ತಿಹೋಗಿತ್ತು, ಮಗಳು ಹಸುವಿನ ಹಾಲಿಗೆ ಹೊಂದಿಕೊಂಡಿದ್ದಳು. ಆಮೇಲೆ ಗೊತ್ತಾಯಿತು, ನನಗಿರುವುದು ಬೈಪೋಲಾರ್, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ. ಹೆರಿಗೆಯ ನೆಪದಲ್ಲಿ ಹೊರಬಂದಿತ್ತು.

ಕೇಳುವ ರೀತಿ

'ಮನಸ್ಸಿಗೆ ಹೇಗಿದೆ?' ಅಂತ ಕೇಳಬೇಡಿ. 'ಚೆನ್ನಾಗಿದೀನಿ ಸಿಸ್ಟರ್' ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಅತ್ತೆಯೋ ಅಮ್ಮನೋ ಪಕ್ಕದಲ್ಲಿ ಕೂತಿದ್ದರಂತೂ ಕೇಳಲೇಬೇಡಿ. ಮೊದಲು ಅವರನ್ನು ಹೊರಗೆ ಕಳಿಸಿ. ನನ್ನ ಉಪಾಯ ಒಂದೇ: 'ಹೊಲಿಗೆ ನೋಡಬೇಕು, ಸ್ವಲ್ಪ ಬಿಸಿನೀರು ಕಾಯಿಸಿಕೊಡಿ ಅಮ್ಮ.' ನೀರು ಕಾಯುವಷ್ಟು ಹೊತ್ತು ಬಾಣಂತಿ ಕೋಣೆ ನಿಮ್ಮದು.

ಆಗ ಕೇಳುವ ಪ್ರಶ್ನೆ ಇದು: 'ರಾತ್ರಿ ಮಗು ಮಲಗಿದ ಮೇಲೆ ನಿನಗೂ ನಿದ್ದೆ ಬರುತ್ತಾ?'

ಮಗು ಮಲಗಿದ ಮೇಲೆ ಅನ್ನೋ ಮಾತು ಬಿಡಬೇಡಿ. ಬರೀ ನಿದ್ದೆ ಬರುತ್ತಾ ಅಂದರೆ ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ, ಹಸುಗೂಸು ಇರುವ ಮನೆಯಲ್ಲಿ ಯಾರಿಗೆ ನಿದ್ದೆ? 'ಮಗು ಬಿಡಲ್ಲ ಸಿಸ್ಟರ್, ಬಿಟ್ಟರೆ ಇಲ್ಲೇ ಉರುಳ್ಕೋತೀನಿ' ಅಂದರೆ ಚಿಂತೆಯಿಲ್ಲ. 'ಮಗು ಮಲಗಿದರೂ ಬರಲ್ಲ, ಏನೇನೋ ಯೋಚನೆ' ಅಂದರೆ ಅಲ್ಲೇ ಕೂತುಕೊಳ್ಳಿ, ಇನ್ನೂ ಕೇಳುವುದಿದೆ. 'ನಿದ್ದೆನೇ ಬೇಡ ಅನಿಸುತ್ತೆ, ಸುಸ್ತೇ ಆಗಲ್ಲ' ಅಂದು ಕಣ್ಣು ಮಿನುಗಿಸಿದರೆ ಆ ದಿನವೇ ಆಸ್ಪತ್ರೆ. ನಾಳೆ ನೋಡೋಣ ಅನ್ನಬೇಡಿ. ಸಂಜೆಯೊಳಗೆ.

ಆಶಾ ಅಕ್ಕಂದಿರು ಹೇಗಿದ್ದರೂ 3, 7, 14, 21, 28, 42ನೇ ದಿನ ಮನೆಗೆ ಹೋಗುತ್ತಾರೆ. ಮೊದಲ ಮೂರು ಭೇಟಿಯಲ್ಲಿ ಈ ಪ್ರಶ್ನೆ ತಪ್ಪಿಸಬೇಡಿ. 42ನೇ ದಿನ ಇನ್ನೊಮ್ಮೆ ಕೇಳಿ. ಖಿನ್ನತೆ ಸನ್ನಿಯ ಹಾಗೆ ಧಡಕ್ಕನೆ ಬರುವುದಿಲ್ಲ, ಮೆಲ್ಲಗೆ ಬರುತ್ತೆ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಐದು ಬಾಣಂತಿಯರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ. ಸನ್ನಿ ಹಾಗಲ್ಲ. 5000 ಜನರ ಸಬ್‌ಸೆಂಟರಿನಲ್ಲಿ ವರ್ಷಕ್ಕೆ ನೂರು ಹೆರಿಗೆ ಅಂದುಕೊಂಡರೂ ಹತ್ತು ವರ್ಷಕ್ಕೆ ಒಬ್ಬಳೋ ಇಬ್ಬರೋ ಸಿಗಬಹುದು. ಕೇಳಿ ಕೇಳಿ ಬೇಜಾರಾಗುತ್ತೆ, ನಿಜ. ನನಗೆ ಇಡೀ ಸರ್ವೀಸಿನಲ್ಲಿ ಸಿಕ್ಕವರು ನಾಲ್ಕೇ ಜನ. ಅವರಲ್ಲಿ ಇಬ್ಬರು ಆಗಲೇ ಮೂರು ನಾಲ್ಕು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಮನೆಯವರಿಗೆ ಅದು ಗೊತ್ತೇ ಇರಲಿಲ್ಲ.

ನಿದ್ದೆಯ ಮಾತು ಆದ ಮೇಲೆ ಮಗುವಿನ ಕಡೆ ನೋಡಿ. ಮಗು ಅತ್ತಾಗ ಅವಳ ಕೈ ತಾನಾಗಿ ಮುಂದೆ ಬರುತ್ತಾ? 'ಇದು ನನ್ನ ಮಗು ಅನಿಸಲ್ಲ', 'ಇದು ಸಾಮಾನ್ಯ ಮಗು ಅಲ್ಲ, ದೇವರು' ಅನ್ನೋ ತರದ ಮಾತು ಬಂದರೆ ಎರಡಕ್ಕೂ ಅಷ್ಟೇ ಹೆದರಬೇಕು. ದೇವರು ಅಂದರೆ ಮನೆಯವರು ಖುಷಿಪಡುತ್ತಾರೆ, ಆ ಖುಷಿಯನ್ನು ನಂಬಬೇಡಿ.

ಕೊನೆಗೆ ಸಾವಿನ ಮಾತು. ಇದನ್ನು ಕೇಳೋಕೆ ಹಿರಿಯ ಸಿಸ್ಟರುಗಳೂ ಹಿಂಜರಿಯುತ್ತಾರೆ. ಕೇಳಿದರೆ ನಾವೇ ತಲೆಗೆ ಹಾಕಿದಂತೆ ಆಗುತ್ತೇನೋ ಅನ್ನೋ ಭಯ. ಹಾಗೆ ಆಗುವುದಿಲ್ಲ. 'ಬದುಕೋದೇ ಬೇಡ ಅನಿಸುತ್ತಾ? ಮಗುವಿಗೆ ಏನಾದ್ರೂ ಮಾಡಿಬಿಡ್ತೀನಿ ಅನ್ನೋ ಭಯ ಇದೆಯಾ?' ಅಂತ ನೇರವಾಗಿ, ಮೆಲ್ಲಗೆ ಕೇಳಿ. ಹೌದು ಅಂದರೆ ಬೆಚ್ಚಿಬೀಳಬೇಡಿ, 'ಛೆ, ಹಾಗೆಲ್ಲ ಅನ್ನಬಾರದು' ಎಂದು ಬಾಯಿ ಮುಚ್ಚಿಸಬೇಡಿ. ಅವಳನ್ನು ಒಂಟಿಯಾಗಿ ಬಿಡಬೇಡಿ, ಅಷ್ಟೇ. ಮನೆಯವರಿಗೆ ಹೇಳಿ ಹೊಲಕ್ಕೆ ಹೊಡೆಯುವ ಔಷಧಿಯನ್ನು ಅವತ್ತೇ ಮನೆಯಿಂದ ಆಚೆ ಸಾಗಿಸಿ.

ಎಡಿನ್‌ಬರಾ ಎಂಬ, ಬಾಣಂತಿಯ ಖಿನ್ನತೆ ಗುರುತಿಸುವ ಹತ್ತು ಪ್ರಶ್ನೆಗಳ ಪಟ್ಟಿ 1987ರಿಂದ ಇದೆ, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿತ್ತು ಅಂತ ಕೇಳಿ ಅಂಕ ಹಾಕುವುದು. ಒಳ್ಳೆಯದೇ. ಆದರೆ ಕಾಗದ ಪೆನ್ನು ಹಿಡಿದ ತಕ್ಷಣ ನಮ್ಮ ಹೆಂಗಸರು ಪರೀಕ್ಷೆಗೆ ಕೂತವರ ಹಾಗೆ ಸರಿಯುತ್ತರ ಹುಡುಕುತ್ತಾರೆ. ನಾನು ಪಟ್ಟಿಯನ್ನು ತಲೆಯಲ್ಲಿಟ್ಟುಕೊಂಡು ಮಾತಿನ ನಡುವೆ ಕೇಳುತ್ತಿದ್ದೆ.

ಹಳೇ ಸೂಲಗಿತ್ತಿಯರಿಗೆ ಇದು ಸುಲಭವಿತ್ತು. ನಮ್ಮ ಪಕ್ಕದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಅವರು ಮಾಡಿಸಿದ ಸಾವಿರಾರು ಹೆರಿಗೆ ಲೆಕ್ಕ ಹಾಕಿದರು. ನನಗೆ ನೆನಪಾದದ್ದು ಬೇರೆ. ನಮ್ಮೂರ ಸೂಲಗಿತ್ತಿ ಅಜ್ಜಿ ಹೆರಿಗೆಯ ನಂತರವೂ ದಿನಾ ಬೆಳಿಗ್ಗೆ ಎಣ್ಣೆನೀರು ಹಾಕಲು ಬರುತ್ತಿದ್ದಳು. ತಲೆಗೆ ಎಣ್ಣೆ ತಟ್ಟುವಾಗ ಬಾಣಂತಿ ಏನು ಮಾತಾಡ್ತಾಳೆ, ಏನು ಮಾತಾಡಲ್ಲ, ಎಲ್ಲ ಗೊತ್ತಾಗುತ್ತಿತ್ತು. ನಾವು ಹತ್ತು ನಿಮಿಷಕ್ಕೆ ಹೋಗಿ ಬರುವವರು.

ಮೈಯನ್ನೂ ನೋಡಿ

ಮಾತು ತಪ್ಪಿದ ಬಾಣಂತಿಯನ್ನು ತಕ್ಷಣ ಮನಸ್ಸಿನ ಕಾಯಿಲೆ ಅಂತ ತಳ್ಳಿಬಿಡಬೇಡಿ. ಜ್ವರ ನೋಡಿ, ಒಳಗೆ ನಂಜಾಗಿದ್ದರೂ ಬಡಬಡಿಸುತ್ತಾರೆ. ಬಿಪಿ ನೋಡಿ, ಫಿಟ್ಸ್ ಹೆರಿಗೆಯ ನಂತರವೂ ಬರಬಹುದು. ತೀರಾ ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಮನಸ್ಸು ಕೆಡುತ್ತೆ.

ಇನ್ನೊಂದು ನಮ್ಮಲ್ಲೇ ಜಾಸ್ತಿ: ನೀರು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತೆ, ಮಗುವಿಗೆ ಶೀತವಾಗುತ್ತೆ ಅಂತ ಎರಡು ಲೋಟಕ್ಕೆ ನಿಲ್ಲಿಸುತ್ತಾರೆ. ಹೆರಿಗೆಯಾದ ಹೊಸದರಲ್ಲಿ ರಕ್ತ ಹೆಪ್ಪುಗಟ್ಟುವುದು ಮೊದಲೇ ಜಾಸ್ತಿ. ಮೈಯಲ್ಲಿ ನೀರೂ ಕಡಿಮೆಯಾದರೆ ಮೆದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟಬಹುದು. ಬಿಡದ ತಲೆನೋವು, ವಾಂತಿ, ಫಿಟ್ಸ್, ಕೈಕಾಲು ಸೋಲು ಕಂಡರೆ 108ಕ್ಕೆ ಫೋನ್ ಮಾಡಿ. ಪಥ್ಯದ ಬಗ್ಗೆ ಅಜ್ಜಿಯರ ಜೊತೆ ಜಗಳಕ್ಕೆ ಹೋಗುವವಳಲ್ಲ ನಾನು. ಮೆಣಸಿನ ಸಾರು, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ ಎಲ್ಲ ಇರಲಿ. ನೀರಿನ ವಿಷಯಕ್ಕೆ ಮಾತ್ರ ಜಗಳ ಆಡಿದ್ದೇನೆ. ಬಿಸಿನೀರಾದರೂ ಸರಿ, ಹಾಸಿಗೆ ಪಕ್ಕ ತುಂಬಿದ ತಂಬಿಗೆ ಇರಲೇಬೇಕು.

ಮನೆಯವರಿಗೆ ಹೇಳುವುದು

ಗಾಳಿ, ದೆವ್ವ ಎಲ್ಲ ಸುಳ್ಳು ಅಂತ ಭಾಷಣ ಬಿಗಿದರೆ ಬಾಗಿಲು ಮುಚ್ಚುತ್ತಾರೆ. 'ದೇವರಿಗೂ ಹೋಗಿ, ಬೇಡ ಅನ್ನಲ್ಲ. ಆಸ್ಪತ್ರೆಗೆ ಇವತ್ತು ಹೋಗಿ, ದೇವರಿಗೆ ಶುಕ್ರವಾರ ಹೋಗಿ' ಅನ್ನುತ್ತಿದ್ದೆ. ಹೆಚ್ಚಿನವರು ಒಪ್ಪುತ್ತಿದ್ದರು.

ಕಟ್ಟಿಹಾಕಬೇಡಿ, ಕೂಡಿಹಾಕಬೇಡಿ. ಮಗುವಿನ ಜೊತೆ ಒಬ್ಬಳನ್ನೇ ಬಿಡಬೇಡಿ. ಹಾಗಂತ ಮಗುವನ್ನು ಕಿತ್ತುಕೊಂಡು ಪಕ್ಕದ ಮನೆಗೆ ಸಾಗಿಸಲೂ ಬೇಡಿ. ಇನ್ನೊಬ್ಬರು ಪಕ್ಕದಲ್ಲಿದ್ದು ಮಗುವನ್ನು ಅವಳ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳಲಿ.

ಈಗ ದಾರಿಗಳು ನನ್ನ ಕಾಲಕ್ಕಿಂತ ಜಾಸ್ತಿ ಇವೆ. ಮನೋಚೈತನ್ಯ ಅಂತ ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ತಜ್ಞರು ನೋಡುವ ವ್ಯವಸ್ಥೆ 2014ರಿಂದ ಇದೆ. ಖಿನ್ನತೆಗೆ ಆ ಮಂಗಳವಾರ ಸಾಕು, ಸನ್ನಿಗೆ ಮಂಗಳವಾರದ ತನಕ ಕಾಯಬಾರದು. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು 2012ರಲ್ಲಿ ಶುರುವಾಯಿತು. ಆಗ ಐದು ಹಾಸಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಂತೂ ಬರೆದೇಬಿಟ್ಟಿದ್ದಾರೆ: ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಗೆ ಬಂದ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಎಂದು. ತಾಯಿಯಿಂದ ಮಗುವಿಗೆ ಅಪಾಯವಿದ್ದರೆ ಡಾಕ್ಟರು ಸ್ವಲ್ಪ ದಿನ ದೂರ ಇಡಬಹುದು, ಅದು ಬೇರೆ. ಆ ಸಾಲನ್ನು ನಾನು ಮೀಟಿಂಗಿನಲ್ಲಿ ಕೂತು ಓದಿದೆ. 38 ದಿನ ನೆನಪಾಗಿ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಕಾಯಿಲೆ ನಿಮಗೇ ಇದ್ದರೆ

ನಮ್ಮ ಕೆಲಸದಲ್ಲೂ ಇಂಥವರಿದ್ದೇವೆ, ಹೇಳಿಕೊಳ್ಳುವುದಿಲ್ಲ ಅಷ್ಟೇ.

ನನಗೆ ಕೊಟ್ಟಿದ್ದು ಲಿಥಿಯಂ, ಬೈಪೋಲಾರಿಗೆ ಕೊಡುವ ಮಾತ್ರೆ. ಇದನ್ನು ತಗೊಳ್ಳುವವರಿಗೆ ಕೆಲವು ಮಾತು. ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ಪರೀಕ್ಷೆ ಮಾಡಿಸಬೇಕು, ಹಿಂದಿನ ಮಾತ್ರೆ ತಗೊಂಡು ಹನ್ನೆರಡು ಗಂಟೆಯಾದ ಮೇಲೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನ ಮುಂದೆ. ಕಿಡ್ನಿ, ಥೈರಾಯ್ಡ್ ಕೂಡ ನೋಡಿಸುತ್ತಿರಬೇಕು. ಉಪ್ಪು ಇದ್ದಕ್ಕಿದ್ದ ಹಾಗೆ ಬಿಡಬಾರದು, ನೀರು ಕಡಿಮೆ ಮಾಡಬಾರದು. ಮಾಡಿದರೆ ಔಷಧಿ ಮೈಯಲ್ಲೇ ಉಳಿದು ವಿಷವಾಗುತ್ತೆ. ಬಾಣಂತನದ ಪಥ್ಯ ಮಾಡುವ ಮನೆಯಲ್ಲಿ ಇದನ್ನು ಎರಡೆರಡು ಸಲ ಹೇಳಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆಯುವಾಗ ಲಸಿಕೆ ಡಬ್ಬ ಒಂದು ಹೆಗಲಿಗೆ, ನೀರಿನ ಬಾಟಲಿ ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ವಾಂತಿಭೇದಿ ಆದರೆ ತಕ್ಷಣ ಡಾಕ್ಟರಿಗೆ ಹೇಳಿ. ಸೊಂಟನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂತ ಸೆಂಟರಿನ ಡಬ್ಬದಿಂದ ತೆಗೆದು ನುಂಗಬೇಡಿ, ಲಿಥಿಯಂ ಏರುತ್ತೆ. ನಾವು ನರ್ಸುಗಳು ಈ ಕೆಟ್ಟ ಚಾಳಿಯಲ್ಲಿ ಎಲ್ಲರಿಗಿಂತ ಮುಂದೆ.

ಮತ್ತೆ ಕೈ ನಡುಕ. ಬಲಗೈ ಬೆರಳು ಸಣ್ಣಗೆ ನಡುಗುತ್ತಿತ್ತು. ಸಿರಿಂಜಿಗೆ ಔಷಧಿ ಎಳೆಯುವಾಗ ಸೂಜಿ ಬಾಟಲಿಯ ಬಾಯಿಗೆ ಟಿಕ್ ಟಿಕ್ ಬಡಿಯುತ್ತಿತ್ತು. ಎದುರು ಕೂತ ತಾಯಂದಿರು ಅದನ್ನೇ ನೋಡುತ್ತಿದ್ದರು. ಆಮೇಲೆ ಕಲಿತೆ: ಎರಡೂ ಮೊಣಕೈ ಮೇಜಿಗೆ ಊರಬೇಕು, ಬಾಟಲಿ ಹಿಡಿದ ಕೈಯ ಕಿರುಬೆರಳನ್ನು ಸಿರಿಂಜಿನ ಕೈಗೆ ತಾಗಿಸಿಡಬೇಕು. ಎರಡೂ ಕೈ ಒಟ್ಟಿಗೆ ನಡುಗಿದರೆ ಸೂಜಿ ಅಲ್ಲಾಡುವುದಿಲ್ಲ. ಕಾಫಿ ಕುಡಿದ ದಿನ ನಡುಕ ಜಾಸ್ತಿ, ಹಾಗಾಗಿ ಲಸಿಕೆಯ ದಿನ ಬೆಳಿಗ್ಗೆ ಕಾಫಿ ಇಲ್ಲ. ನಡುಕ ಒಂದೇ ಸಮನೆ ಜೋರಾದರೆ, ನಡಿಗೆ ತೂರಾಡಿದರೆ ಮಾತ್ರ ಅದು ಬೇರೆ ವಿಷಯ. ಔಷಧಿ ಮೈಯಲ್ಲಿ ಜಾಸ್ತಿಯಾಗಿದೆ ಅಂತ ಅರ್ಥ, ಆಸ್ಪತ್ರೆಗೆ ಓಡಬೇಕು.

ಚೆನ್ನಾಗಿದೀನಲ್ಲ ಅಂತ ಮಾತ್ರೆ ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ, 1995ರಲ್ಲಿ. ಅದೇ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಪಲ್ಸ್ ಪೋಲಿಯೋ ಶುರುವಾಯಿತು. ಮನೆ ಮನೆ ಲೆಕ್ಕ ಬರೆಯುವ ಗಡಿಬಿಡಿಯಲ್ಲಿ ನಿದ್ದೆ ಹೋಯಿತು. ರಾತ್ರಿ ಹನ್ನೊಂದಕ್ಕೆ ಜನರ ಬಾಗಿಲು ತಟ್ಟಿ ಮಕ್ಕಳನ್ನು ಎಣಿಸುತ್ತಿದ್ದೆ. ಮೇಲಿನವರು ಒಬ್ಬರು ಮೀಟಿಂಗಿನಲ್ಲಿ ನನ್ನ ಉತ್ಸಾಹವನ್ನು ಹೊಗಳಿದರು ಕೂಡ! ಹತ್ತು ದಿನದ ಮೇಲೆ ಆಸ್ಪತ್ರೆ ಸೇರಿದೆ.

ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ವಾಲ್‌ಪ್ರೊಯೇಟ್‌ನಂಥ ಮಾತ್ರೆ ಹೊಟ್ಟೆಯ ಮಗುವಿಗೆ ಒಳ್ಳೆಯದಲ್ಲ, ಬದಲಾಯಿಸಿಕೊಡುತ್ತಾರೆ. ನೀವಾಗಿ ಬಿಡಬೇಡಿ. ಒಂದು ಸಲ ಸನ್ನಿ ಬಂದವರಿಗೆ ಮುಂದಿನ ಹೆರಿಗೆಯಲ್ಲೂ ಬರುವ ಸಂಭವ ಜಾಸ್ತಿ, ಮೊದಲೇ ತಯಾರಿ ಮಾಡಿಕೊಂಡರೆ ತಡೆಯಬಹುದು. ನನಗೆ ಆಗ ಅಷ್ಟು ಹೇಳಿದವರಿಲ್ಲ. ಹೆದರಿ ಒಂದೇ ಮಗುವಿಗೆ ಆಪರೇಷನ್ ಮಾಡಿಸಿಕೊಂಡೆ. ಅದು ಟಾರ್ಗೆಟ್ ಕಾಲ, ವರ್ಷಕ್ಕೆ ಇಷ್ಟು ಆಪರೇಷನ್ ಮಾಡಿಸಬೇಕು ಅಂತ ನಮಗೆ ಲೆಕ್ಕ ಕೊಡುತ್ತಿದ್ದರು. ಆ ವರ್ಷದ ನನ್ನ ಟಾರ್ಗೆಟ್ ಪಟ್ಟಿಯಲ್ಲಿ ನನ್ನದೇ ಹೆಸರೂ ಒಂದು.

ಯಾರಿಗೆ ಹೇಳಬೇಕು? ಎಲ್ಲರಿಗೂ ಬೇಡ. ಒಬ್ಬರಿಗಂತೂ ಹೇಳಿ, ರಾತ್ರಿ ಡ್ಯೂಟಿ ಬದಲಾಯಿಸುವ ಅಧಿಕಾರ ಇರುವವರಿಗೆ. ನಮ್ಮ ಮೆಡಿಕಲ್ ಆಫೀಸರ್ ಜೊತೆ ನನ್ನದು ಒಂದೇ ಕರಾರು: ಒಂದು ರಾತ್ರಿ ಹೆರಿಗೆಗೆ ಎದ್ದರೆ ಮಾರನೇ ರಾತ್ರಿ ಯಾರು ಕರೆದರೂ ನಾನು ಹೋಗಲ್ಲ. ಪಕ್ಕದ ಸೆಂಟರಿನ ಸಿಸ್ಟರ್ ಹೋಗುತ್ತಿದ್ದಳು, ಅವಳ ರಿಪೋರ್ಟುಗಳನ್ನು ನಾನು ಬರೆದುಕೊಡುತ್ತಿದ್ದೆ.

ಊರು ಮಾತ್ರ ಸುಮ್ಮನಿರಲಿಲ್ಲ. 'ಹುಚ್ಚಮ್ಮನ ಕೈಲಿ ಹೆರಿಗೆ ಮಾಡಿಸ್ತೀರಾ?' ಅನ್ನೋದು ನನ್ನ ಕಿವಿಗೇ ಬಿದ್ದಿದೆ. ಆಗ ಆ ಸೂಲಗಿತ್ತಿ ಅಜ್ಜಿ ತನ್ನ ಮೊಮ್ಮಗಳ ಹೆರಿಗೆಗೆ ನನ್ನನ್ನೇ ಕರೆಸಿದಳು. ನಾನು ತಲೆ ಹಿಡಿಯುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಧೈರ್ಯಕ್ಕೋ ಅನುಮಾನಕ್ಕೋ, ಕೇಳಲಿಲ್ಲ. ಆ ವರ್ಷ ಮತ್ತೆ ಕರೆ ಬರತೊಡಗಿತು.

ಮೊದಲೇ ತಯಾರಿ: ಮಗಳ ಬಾಣಂತನ

2017ರಲ್ಲಿ ನನ್ನ ಮಗಳು ಬಸುರಿಯಾದಳು. ಅಮ್ಮನಿಗೆ ಇದ್ದರೆ ಮಗಳಿಗೂ ಬರುವ ಸಂಭವ ಉಳಿದವರಿಗಿಂತ ಜಾಸ್ತಿ. ಐದನೇ ತಿಂಗಳಲ್ಲೇ ಅವಳ ಡಾಕ್ಟರಿಗೆ ನನ್ನ ಕಾಯಿಲೆ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿದೆ. ಮಗಳಿಗೆ ಇಷ್ಟವಿರಲಿಲ್ಲ. ಅತ್ತೆ ಮನೆಯವರು ಓದ್ತಾರೆ ಅಂದಳು. ಓದಲಿ ಬಿಡು ಅಂದೆ.

ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು. ರಾತ್ರಿ ಹತ್ತಕ್ಕೆ ಹಾಲು ಕುಡಿಸಿ ಮಗಳು ಬೇರೆ ಕೋಣೆಯಲ್ಲಿ ಮಲಗುವುದು. ನಾಲ್ಕು ಗಂಟೆ ಅವಳನ್ನು ಯಾರೂ ಎಬ್ಬಿಸುವಂತಿಲ್ಲ. ಆ ಹೊತ್ತಿನಲ್ಲಿ ಮಗು ಎದ್ದರೆ ಸಂಜೆ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುವುದು. ಅಳಿಯ ಎರಡು ವಾರ ರಜ ಹಾಕಿದ್ದ, ಅವನಿಗೆ ಒಳಲೆ ಹಿಡಿಯಲು ಹೇಳಿಕೊಟ್ಟೆ. ಮೊದಲ ದಿನ ಮಗುವಿನ ಕಿವಿಗೆಲ್ಲ ಹಾಲು. ನೋಡಲು ಬರುವವರಿಗೆ ಸಂಜೆ ಒಂದು ಗಂಟೆ ಮಾತ್ರ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಒಂದೇ ಅಂಕಿ: ಅವಳು ಎಷ್ಟು ಗಂಟೆ ಮಲಗಿದಳು. ನಾಲ್ಕು, ಐದು, ಐದು, ಆರು. ಎರಡು ದಿನ ಒಟ್ಟಿಗೆ ಮೂರಕ್ಕಿಂತ ಕಡಿಮೆ ಬಂದರೆ ಡಾಕ್ಟರಿಗೆ ಫೋನ್ ಮಾಡುವುದು ಎಂದು ಮೂವರೂ ಮಾತಾಡಿಕೊಂಡಿದ್ದೆವು.

ಒಂಬತ್ತನೇ ರಾತ್ರಿ ನಾನು ಮಲಗಲಿಲ್ಲ. ಮಗಳ ಕೋಣೆಯ ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು ಒಳಗಿನ ಉಸಿರು ಕೇಳುತ್ತಾ ಕೂತಿದ್ದೆ. ಗೊರಕೆ ಹೊಡೆಯುತ್ತಿದ್ದಳು. ಎರಡೂವರೆಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ ಅಳಿಯ ನನ್ನನ್ನು ನೋಡಿ, ಕ್ಯಾಲೆಂಡರನ್ನು ನೋಡಿ ಹೇಳಿದ: 'ಅತ್ತೆ, ನಿಮ್ಮದು ಎಷ್ಟು ಅಂತ ಬರೀಲಿ?'